ಪದ ಬೇಕು: ಸ್ಕೇಲ್ ಮಾಡೆಲ್ ಹಡಗು, ಸಬ್‌ಮರೀನ್ (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ.

ಹಡಗು ಮತ್ತು ಸಬ್‌ಮರೀನ್‌ಗಳ ಸ್ಕೇಲ್ ಮಾಡೆಲ್ ಪ್ರದರ್ಶನವೊಂದಕ್ಕೆ ಫಲಕ ಬರೆದುಕೊಡುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಬಾಗಿಲಿನ ದೊಡ್ಡ ಬೋರ್ಡಿಗೆ ‘ಮಾದರಿ ಹಡಗುಗಳು’ ಅಂತ ಹಾಕಿ ಅನ್ನುತ್ತಾರೆ ನಡೆಸುವವರು. ನನಗ್ಯಾಕೋ ಒಪ್ಪಿಗೆಯಾಗುತ್ತಿಲ್ಲ. ಜೊತೆಗೆ ಸಬ್‌ಮರೀನ್, ವಾಟರ್‌ಲೈನ್ ಮಾಡೆಲ್, ಫುಲ್ ಹಲ್, ಸ್ಕ್ರ್ಯಾಚ್ ಬಿಲ್ಟ್, ಇವಕ್ಕೂ ಪದ ಬೇಕು. ಚಿಕ್ಕದಾಗಿರಲಿ, ಒಂದೊಂದು ಫಲಕ ಅಂಗೈಯಷ್ಟೇ ಇದೆ. ‘ಆಟಿಕೆ’ ಮಾತ್ರ ಬೇಡ. ಕಟ್ಟಿದವರು ಜಗಳಕ್ಕೇ ಬರುತ್ತಾರೆ.

---

ಮರು: ಪದ ಬೇಕು

ನಿಮ್ಮ ಅನುಮಾನ ಸರಿ. ಮಾದರಿ ಶಾಲೆ, ಮಾದರಿ ಗ್ರಾಮ, ಮಾದರಿ ರೈತ. ‘ಮಾದರಿ’ ಮುಂದೆ ಬಂದರೆ ಅದು ಹೊಗಳಿಕೆ. ‘ಮಾದರಿ ಹಡಗು’ ಅಂದರೆ ಉಳಿದ ಹಡಗುಗಳೆಲ್ಲ ನೋಡಿ ಕಲಿಯಬೇಕಾದ ಹಡಗು. ಷಷ್ಠಿ ಹಾಕಿ, ಹಿಂದುಮುಂದು ಮಾಡಿ: ‘ಹಡಗಿನ ಮಾದರಿ’. ಅಷ್ಟೇ ಸಾಕು.

‘ಪ್ರತಿಕೃತಿ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ, ಕೇಳಬೇಡಿ. ಹಳೇ ಹಡಗನ್ನು ಅದೇ ಅಳತೆಯಲ್ಲಿ ಮತ್ತೆ ಕಟ್ಟಿ ಸಮುದ್ರಕ್ಕೆ ಬಿಟ್ಟರೆ ಅದೂ ಪ್ರತಿಕೃತಿಯೇ. ಚಿಕ್ಕದು ಅನ್ನೋ ಅರ್ಥ ಆ ಪದದಲ್ಲಿ ಇಲ್ಲ.

---

ಮರು: ಮರು: ಪದ ಬೇಕು

ಸಂಸ್ಕೃತದ ಹಂಗು ಬಿಟ್ಟರೆ ಪದಕ್ಕೇನು ಬರ? ಸ್ಕೇಲ್ ಮಾಡೆಲ್ = ಪಡಿಹಡಗು. ಸಬ್‌ಮರೀನ್ = ಮುಳುಗುಹಡಗು. ವಾಟರ್‌ಲೈನ್ = ನೀರ್ಗೆರೆ. ಹಲ್ = ಒಡಲು. ಎಲ್ಲವೂ ಫಲಕದಲ್ಲಿ ಹಿಡಿಸುತ್ತವೆ. ‘ಜಲಾಂತರ್ಗಾಮಿ’ ಬರೆಯಲು ಫಲಕ ಸಾಲದು, ಓದಲು ಉಸಿರು ಸಾಲದು.

---

ಮರು: ಮರು: ಪದ ಬೇಕು

> ಸಂಸ್ಕೃತದ ಹಂಗು ಬಿಟ್ಟರೆ

‘ಪಡಿ’ ಎಲ್ಲಿಂದ ಬಂತು ಸ್ವಾಮಿ? ಸಂಸ್ಕೃತದ ‘ಪ್ರತಿ’ ಪ್ರಾಕೃತದಲ್ಲಿ ‘ಪಡಿ’ಯಾಗಿ ನಮ್ಮಲ್ಲಿಗೆ ಬಂತು. ಪಡಿಯಚ್ಚಿನ ಪಡಿಯೂ ಅದೇ. ಹಂಗು ಬಿಡಲಿಲ್ಲ, ಹಳೇ ಹಂಗು ಹಿಡಿದಿರಿ.

ಇನ್ನು ‘ಮುಳುಗುಹಡಗು’. ಆ ಪ್ರದರ್ಶನದಲ್ಲಿ ಟೈಟಾನಿಕ್ ಇದ್ದೇ ಇರುತ್ತದೆ. ಪಕ್ಕದಲ್ಲಿ ಒಂದು ಸಬ್‌ಮರೀನ್ ಇಟ್ಟು ‘ಮುಳುಗುಹಡಗು’ ಫಲಕ ನಿಲ್ಲಿಸಿ. ಬಂದವರು ಯಾವುದರ ಕಡೆ ಬೆರಳು ತೋರಿಸುತ್ತಾರೆ, ನೋಡೋಣ.

---

ಮರು: ಮರು: ಮರು: ಪದ ಬೇಕು

ಟೈಟಾನಿಕ್ ಮುಳುಗಿದ ಹಡಗು. ಇದು ಮುಳುಗುಹಡಗು. ಭೂತಕೃದಂತಕ್ಕೂ ಧಾತು ಸೇರಿದ ಸಮಾಸಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಜೊತೆ ಏನು ವಾದ? ಕಡೆಗೋಲು ಅಂದರೆ ಕಡೆಯುವುದಕ್ಕೆ ಇರುವ ಕೋಲು. ಮುಳುಗುಹಡಗು ಅಂದರೆ ಮುಳುಗುವುದಕ್ಕೆ ಇರುವ ಹಡಗು. ಮುಗಿಯಿತು.

---

ಮರು: ಮರು: ಮರು: ಪದ ಬೇಕು

ಹುರಿಗಡಲೆ ಅಂದರೆ ಹುರಿಯುವುದಕ್ಕೆ ಇರುವ ಕಡಲೆಯೋ, ಹುರಿದಾಗಿರುವ ಕಡಲೆಯೋ? ಧಾತುವಿಗೆ ಕಾಲ ಇಲ್ಲ. ಹಾಗಾಗಿಯೇ ಮುಳುಗಿದ್ದಕ್ಕೂ ಮುಳುಗುವುದಕ್ಕೂ ಒಂದೇ ಪದ ಸಾಕಾಗುತ್ತೆ. ನಮ್ಮಲ್ಲಿ ವ್ಯಾಪಾರ ಮುಳುಗುತ್ತೆ, ಸಾಲಗಾರ ಮುಳುಗುತ್ತಾನೆ. ಮುಳುಗಿ ಮೇಲೆ ಬರುವ ಯಂತ್ರಕ್ಕೆ ಆ ಹೆಸರು ಯಾಕೆ? ಜನ ಸಬ್‌ಮರೀನ್ ಅನ್ನುತ್ತಾರೆ. ಹಾಗೇ ಬರೆಯಿರಿ.

---

ಮರು: ಪದ ಬೇಕು

ನಾನು ಮಾಡೆಲ್ ಕಟ್ಟುವವನು. ವ್ಯಾಕರಣ ನಿಮಗಿರಲಿ, ವಸ್ತು ಏನು ಅಂತ ಹೇಳಿಬಿಡುತ್ತೇನೆ.

ವಾಟರ್‌ಲೈನ್ ಮಾಡೆಲ್ ಅಂದರೆ ಗೆರೆ ಎಳೆದ ಮಾಡೆಲ್ ಅಲ್ಲ. ಹಡಗು ತೇಲುವಾಗ ನೀರು ಎಲ್ಲಿಯವರೆಗೆ ಬರುತ್ತದೋ ಅಲ್ಲಿಂದ ಕೆಳಗಿನ ಒಡಲೇ ಇರುವುದಿಲ್ಲ. ತಳ ಚಪ್ಪಟೆ. ಮೇಜಿನ ಮೇಲಿಟ್ಟರೆ ಮೇಜೇ ಸಮುದ್ರ. 1971ರಲ್ಲಿ ಜಪಾನಿನ ತಮಿಯಾ, ಹಸೆಗಾವಾ, ಅಓಶಿಮಾ, ಫುಜಿಮಿ ಕಂಪನಿಗಳು ಸೇರಿ 1:700ರಲ್ಲಿ, ಅಂದರೆ ಅಸಲಿ ಹಡಗಿನ 700ರಲ್ಲೊಂದು ಪಾಲು ಉದ್ದದಲ್ಲಿ, ಇಂಥ ಬಿಡಿಭಾಗಗಳ ಕಿಟ್‌ಗಳ ಸರಣಿಯನ್ನೇ ಶುರು ಮಾಡಿದವು. ಆಮೇಲೆ 1:700 ಅಂದರೆ ವಾಟರ್‌ಲೈನ್ ಅನ್ನೋ ಹಾಗಾಯಿತು. ‘ನೀರ್ಗೆರೆ ಮಾದರಿ’ ಅಂತ ಬರೆದರೆ ನೋಡುವವರು ಗೆರೆ ಹುಡುಕುತ್ತಾರೆ. ‘ನೀರ ಮೇಲಿನ ಭಾಗ ಮಾತ್ರ’ ಅಂತ ಬರೆಯಿರಿ. ಫುಲ್ ಹಲ್‌ಗೆ ‘ಪೂರ್ತಿ ಒಡಲು’. ‘ಒಡಲು’ ನನಗೆ ಇಷ್ಟವಾಯಿತು, ಹೇಳಿದವರಿಗೆ ಥ್ಯಾಂಕ್ಸ್.

ಸ್ಕೇಲ್ ಅನ್ನೋದಕ್ಕೆ ‘ಪ್ರಮಾಣ’ ಬಳಸುವಾಗ ಹುಷಾರು. ‘ದೊಡ್ಡ ಪ್ರಮಾಣದ ಹಡಗುಗಳು’ ಅಂದರೆ ಲಾಟಿನಲ್ಲಿ ತಂದ ಹಾಗಿರುತ್ತೆ. ಅಂಕಿ ಚಿಕ್ಕದಾದಷ್ಟೂ ಮಾಡೆಲ್ ದೊಡ್ಡದು, ಎಷ್ಟೋ ಜನಕ್ಕೆ ಇದೇ ತಲೆಕೆಳಗಾಗುವುದು. ಯಾಮಾಟೊ ಯುದ್ಧನೌಕೆ 263 ಮೀಟರ್ ಉದ್ದ. 1:350ರಲ್ಲಿ 75 ಸೆಂಟಿಮೀಟರ್, 1:700ರಲ್ಲಿ ಅದರರ್ಧ. ಫಲಕದಲ್ಲಿ ‘ಅಳತೆ 1:350’ ಅಂತಿದ್ದರೆ ಸಾಕು. ಆ ಅಳತೆಯಲ್ಲಿ ಡೆಕ್ಕಿನ ಸುತ್ತಲಿನ ಮೀಟರ್ ಎತ್ತರದ ಕಂಬಿ 3 ಮಿಲಿಮೀಟರೂ ಇರುವುದಿಲ್ಲ. ತೆಳು ಹಿತ್ತಾಳೆ ತಗಡಿನಿಂದ ಕತ್ತರಿಸಿ, ಚಿಮಟದಲ್ಲಿ ಹಿಡಿದು, ಅಂಟು ಹೊರಗೆ ಹರಿಯದ ಹಾಗೆ ಕೂರಿಸಬೇಕು. ಉಸಿರು ಬಿಟ್ಟರೆ ತಗಡು ಹಾರಿಹೋಗುತ್ತೆ. ಇದಕ್ಕೆ ‘ಆಟಿಕೆ’ ಅಂದರೆ ಕೋಪ ಬರೋಲ್ವಾ?

ಸ್ಕ್ರ್ಯಾಚ್ ಬಿಲ್ಟ್‌ಗೆ, ಅಂದರೆ ಕಿಟ್ ಇಲ್ಲದೆ ಕಟ್ಟಿದ್ದಕ್ಕೆ, ‘ನಕ್ಷೆ ನೋಡಿ ಕಟ್ಟಿದ್ದು’. ಇನ್ನೊಂದಕ್ಕೆ ‘ಕಿಟ್‌ನಿಂದ ಕಟ್ಟಿದ್ದು’. ‘ಜೋಡಿಸಿದ್ದು’ ಅನ್ನಬೇಡಿ. ಕುರ್ಚಿ ಜೋಡಿಸುತ್ತಾರೆ, ಹಡಗು ಕಟ್ಟುತ್ತಾರೆ.

---

ಮರು: ಮರು: ಪದ ಬೇಕು

ಸಬ್‌ಮರೀನ್, ಕಿಟ್, ಡೆಕ್ಕು, ಥ್ಯಾಂಕ್ಸ್. ಚೆನ್ನಾಗಿದೆ. ಇನ್ನು ಕನ್ನಡದಲ್ಲಿ ಉಳಿಯುವುದು ‘ಮತ್ತು’ ಒಂದೇ.

---

ಮರು: ಮರು: ಮರು: ಪದ ಬೇಕು

ಹಡಗಿನ ವಿಷಯದಲ್ಲಿ ಸಾಲದ ಪದಕ್ಕೆ ಮೂಗು ಮುರಿಯುವವರು ಮೊದಲು ಲಂಗರು ಎತ್ತಲಿ. ಅದು ಪಾರ್ಸಿ. ಬಂದರಿಗೆ ಬನ್ನಿ, ಅದೂ ಪಾರ್ಸಿ. ಚುಕ್ಕಾಣಿ ಹಿಡಿಯಿರಿ, ಅದು ಅರಬ್ಬಿಯ ‘ಸುಕ್ಕಾನ್’. ಹಡಗು ಊರೂರು ಸುತ್ತುತ್ತೆ, ಪದವನ್ನೂ ಹತ್ತಿಸಿಕೊಂಡು ಬರುತ್ತೆ. ಸಬ್‌ಮರೀನೂ ಹಾಗೇ ಬಂದಿದೆ, ಒಳಗೆ ಬಿಡಿ.

---

ಮರು: ಮರು: ಮರು: ಮರು: ಪದ ಬೇಕು

ಹಡಗು ನಮ್ಮದು, ಹಳಗನ್ನಡದ ಪಡಗು. ಹಾಯಿ ನಮ್ಮದು, ತಮಿಳರ ಪಾಯ್ ಅದರ ತಂಗಿ. ಹುಟ್ಟು ನಮ್ಮದು. ಹಾಯಿ ಕಟ್ಟುವ ಕಂಬಕ್ಕೂ ‘ಕೂವೆ’ ಅಂತ ಪದ ಇದೆ, ಎಷ್ಟು ಜನ ಬಳಸುತ್ತೀರಿ? ಪದ ಇಲ್ಲದಾಗ ತಂದರೆ ಸಾಲ. ಇದ್ದೂ ತಂದರೆ ಸೋಮಾರಿತನ. ನಾನು ಹೇಳಿದ್ದು ಎರಡನೆಯದನ್ನ. ಅದು ಅರ್ಥವಾಗದಿದ್ದರೆ ಬಿಡಿ.

---

ಮರು: ಮರು: ಮರು: ಮರು: ಪದ ಬೇಕು

‘ಕೂವೆ’ ವಿಚಾರಕ್ಕೆ ಒಪ್ಪಿದೆ. ಮಾಸ್ಟ್ ಅಂತ ಬರೆದರೆ ಎಷ್ಟೋ ಜನ ಮೇಷ್ಟ್ರು ಅಂತ ಓದಿಕೊಳ್ಳುತ್ತಾರೆ. ಆದರೆ ‘ಕೂವೆ’ ಅಂತ ಒಂದೇ ಬರೆಯಬೇಡಿ, ‘ಕೂವೆಕಂಬ’ ಅನ್ನಿ. ಕಂಬ ಸೇರಿದರೆ ಗೊತ್ತಿಲ್ಲದವರಿಗೂ ತಿಳಿಯುತ್ತೆ.

---

ಮರು: ಪದ ಬೇಕು

ಎಲ್ಲರಿಗೂ ವಂದನೆ. ಬೋರ್ಡಿಗೆ ‘ಹಡಗು ಮತ್ತು ಸಬ್‌ಮರೀನ್ ಮಾದರಿಗಳು’ ಅಂತ ಹಾಕುತ್ತಿದ್ದೇನೆ. ಒಂದು ಸಣ್ಣ ಫಲಕ ಹೀಗಿದೆ:

‘ಜರ್ಮನಿಯ ಏಳು-ಸಿ ವರ್ಗದ ಸಬ್‌ಮರೀನ್. ಅಳತೆ 1:72. ಪೂರ್ತಿ ಒಡಲು. ಕಿಟ್‌ನಿಂದ ಕಟ್ಟಿದ್ದು.’

ಕೆಳಗೆ ಉದ್ದವನ್ನೂ ಹಾಕಲಾ? ಇನ್ನೊಂದು ಉಳಿದಿದೆ. ಬಾಟಲಿಯೊಳಗೆ ಕಟ್ಟಿದ ಹಡಗುಗಳೂ ಇವೆ. ‘ಶೀಶೆಯೊಳಗಿನ ಹಡಗು’ ಅಂದರೆ ಆಗುತ್ತಾ?

---

ಮರು: ಮರು: ಪದ ಬೇಕು

ಉದ್ದ ಹಾಕಿ. ಅಸಲಿ 67 ಮೀಟರ್, ಮಾದರಿ 93 ಸೆಂಟಿಮೀಟರ್. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ‘ಅಳತೆ’ ಅಂದರೇನು ಅಂತ ಯಾರೂ ಕೇಳೋಲ್ಲ. ಶೀಶೆ ಹಡಗಿಗೆ ಇನ್ನೂ ಒಂದು ಸಾಲು ಸೇರಿಸಿ: ಕೂವೆಕಂಬಗಳನ್ನು ಮಡಚಿ ಹಡಗನ್ನು ಒಳಗೆ ತೂರಿಸುತ್ತಾರೆ, ಆಮೇಲೆ ಹೊರಗಿನಿಂದ ದಾರ ಎಳೆದು ನಿಲ್ಲಿಸುತ್ತಾರೆ. ಎಲ್ಲರೂ ಕೇಳುವುದು ಅದನ್ನೇ.

---

ಮರು: ಮರು: ಪದ ಬೇಕು

ಶೀಶೆ ಪಾರ್ಸಿ. ‘ಬುಡ್ಡಿ’ ಎನ್ನಿ.

---

ಮರು: ಮರು: ಮರು: ಪದ ಬೇಕು

ಬುಡ್ಡಿ ಅಂದರೆ ಬತ್ತಿ ಎಲ್ಲಿ ಅಂತಾರೆ. ಶೀಶೆಯೇ ಇರಲಿ, ಪ್ರಿಂಟಿಗೆ ಕಳಿಸಿ.