ಇಲಾಖೆ ವೆಬ್‌ಸೈಟನ್ನ ವಿಕಲಚೇತನರೂ ಬಳಸೋ ಹಾಗೆ ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ?

ಮೂರನೇಸಾಲು:
ಎಲ್ರಿಗೂ ನಮಸ್ಕಾರ. ಒಂದು ಸರ್ಕಾರಿ ಇಲಾಖೆಯ ವೆಬ್‌ಸೈಟ್ ನೋಡ್ಕೊಳ್ಳೋ ಟೀಮಲ್ಲಿದೀನಿ, ನಾವಿರೋದು ಮೂರೇ ಜನ. ಸೈಟಲ್ಲಿ ಹತ್ತತ್ರ 900 ಪೇಜಿದೆ, ಲೆಕ್ಕವಿಲ್ಲದಷ್ಟು ಪಿಡಿಎಫ್ ಇದೆ, ಜೊತೆಗೆ ಸಹಾಯಧನಕ್ಕೆ ಅರ್ಜಿ ಹಾಕೋ ಒಂದು ದೊಡ್ಡ ಫಾರ್ಮ್. ಇದನ್ನೆಲ್ಲ ಡಬ್ಲ್ಯೂಸಿಎಜಿ (ವಿಕಲಚೇತನರೂ ಬಳಸೋ ಹಾಗೆ ವೆಬ್‌ಸೈಟ್ ಮಾಡೋಕಿರೋ ಅಂತರರಾಷ್ಟ್ರೀಯ ಮಾನದಂಡ) 2.1 ಡಬಲ್ ಎ ಮಟ್ಟಕ್ಕೆ ತನ್ನಿ ಅಂತ ಆರ್ಡರ್ ಬಂದಿದೆ, ಎರಡು ತಿಂಗಳು ಟೈಮು. ಮೇಲಿನೋರು ಹೇಳ್ತಿರೋದೇನಂದ್ರೆ ಪೇಜಿನ ಮೂಲೇಲಿ ಒಂದು ಐಕಾನ್ ಬರುತ್ತಲ್ಲ, ಒತ್ತಿದ್ರೆ ಅಕ್ಷರ ದೊಡ್ಡದಾಗತ್ತೆ ಬಣ್ಣ ಬದಲಾಗತ್ತೆ, ಆ ವಿಜೆಟ್ ತಗೊಂಡು ಒಂದು ಸಾಲು ಸ್ಕ್ರಿಪ್ಟ್ ಹಾಕ್ಬಿಡಿ ಸಾಕು ಅಂತ. ನಂಗೆ ಮನಸ್ಸು ಒಪ್ತಿಲ್ಲ, ಆದ್ರೆ ವಾದ ಮಾಡೋಕೆ ಕೈಯಲ್ಲಿ ಏನೂ ಇಲ್ಲ. ಆಟೊಮ್ಯಾಟಿಕ್ ಟೂಲ್ ಓಡಿಸಿದೆ, ಹೋಂಪೇಜಲ್ಲಿ 60 ತಪ್ಪು ಬಂತು, ಫಾರ್ಮಲ್ಲಿ ಬರೀ 2. ಹಾಗಾದ್ರೆ ಫಾರ್ಮ್ ಬಿಟ್ಟು ಹೋಂಪೇಜಿಂದ ಶುರು ಮಾಡ್ಬಹುದಾ?

ಕೇಳಿಓದುವೆ:
ದಯವಿಟ್ಟು ಫಾರ್ಮ್ ಬಿಡ್ಬೇಡಿ. ನಂಗೆ ಹುಟ್ಟಿನಿಂದ ಕಣ್ಣು ಕಾಣಲ್ಲ, ಕಂಪ್ಯೂಟರಲ್ಲಿ ಎನ್‌ವಿಡಿಎ, ಫೋನಲ್ಲಿ ಟಾಕ್‌ಬ್ಯಾಕ್ ಬಳಸ್ತೀನಿ, ಎರಡೂ ಪರದೆ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್‌ಗಳು. ಹೋಂಪೇಜ್ ಎಷ್ಟೇ ಕೆಟ್ಟಿದ್ರೂ ಹೆಂಗೋ ದಾಟ್ಕೊಂಡು ಹೋಗ್ತೀವಿ, ಒಂದು ಹೆಡಿಂಗಿಂದ ಇನ್ನೊಂದಕ್ಕೆ ಹಾರ್ಕೊಂಡು ಹೋಗೋದು ನಮಗೆ ರೂಢಿ. ಸಿಕ್ಕಿಹಾಕ್ಕೊಳ್ಳೋದು ಫಾರ್ಮಲ್ಲೇ.

ಹೋದ ವರ್ಷ ಒಂದು ಕಚೇರಿ ಸೈಟಲ್ಲಿ ಅರ್ಜಿ ಹಾಕ್ತಿದ್ದೆ. ಎಲ್ಲಾ ತುಂಬಿ ಸಬ್ಮಿಟ್ ಒತ್ತಿದ್ರೆ ಏನೂ ಸದ್ದಿಲ್ಲ, ಹೋಯ್ತೋ ಇಲ್ವೋ ಗೊತ್ತಾಗ್ಲಿಲ್ಲ, ಮತ್ತೆ ಒತ್ತಿದೆ, ಮತ್ತೆ ಮೌನ. ಆಮೇಲೆ ಗೊತ್ತಾಗಿದ್ದು ಮೇಲ್ಗಡೆ ಕೆಂಪಕ್ಷರದಲ್ಲಿ ಎರರ್ ಬಂದಿತ್ತಂತೆ, ಸ್ಕ್ರೀನ್ ರೀಡರ್‌ಗೆ ಅದನ್ನ ಯಾರೂ ಹೇಳಿರ್ಲಿಲ್ಲ. ಅದನ್ನ ಹುಡುಕೋ ಹೊತ್ತಿಗೆ ಸೆಷನ್ ಮುಗಿದು ತುಂಬಿದ್ದೆಲ್ಲ ಹೋಯ್ತು. ಕೊನೆಗೆ ಪಕ್ಕದ ಮನೆ ಹುಡುಗನ್ನ ಕರೆದು ಬ್ಯಾಂಕ್ ಖಾತೆ ನಂಬರು, ಡಾಕ್ಟರ್ ಸರ್ಟಿಫಿಕೇಟು ಎಲ್ಲಾ ಅವನ ಕೈಗೆ ಕೊಟ್ಟು ತುಂಬಿಸ್ಬೇಕಾಯ್ತು. ಒಳ್ಳೇ ಹುಡುಗ, ಅದು ಬೇರೆ ಮಾತು. ಆದ್ರೆ ನನ್ನ ಗುಟ್ಟು ನನ್ನದಾಗಿ ಉಳೀಲಿಲ್ಲ.

ವಿಜೆಟ್ ವಿಷಯ ಹೇಳ್ಬೇಕಂದ್ರೆ, ನನ್ನ ಹತ್ರ ಓದೋ ಸಾಫ್ಟ್‌ವೇರ್ ಆಗ್ಲೇ ಇದೆ, ಕಷ್ಟಪಟ್ಟು ಕಲ್ತಿದೀನಿ, ಪ್ರತಿ ಸೈಟಲ್ಲೂ ಬೇರೆಯವರ ಇನ್ನೊಂದು ದನಿ ನಂಗ್ಯಾಕೆ? ಫಾರ್ಮ್‌ಗೆ ಲೇಬಲ್ ಹಾಕಿ, ಎರರ್ ಬಂದ್ರೆ ಫೋಕಸ್ (ಕೀಬೋರ್ಡ್ ಆಗ ಕೆಲಸ ಮಾಡ್ತಿರೋ ಜಾಗ) ಅಲ್ಲಿಗೆ ಕಳಿಸಿ, ಅಷ್ಟು ಮಾಡಿದ್ರೂ ಅರ್ಧ ಜೀವ ಬರತ್ತೆ.

ಹಳೇಟೆಸ್ಟರ್:
ಮೇಲೆ ಹೇಳಿದ್ದು ನೂರಕ್ಕೆ ನೂರು ನಿಜ. ಟೂಲಿಗೆ ಕಾಣ್ಸೋದು ಕೋಡು ಮಾತ್ರ. ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್ (ಚಿತ್ರದಲ್ಲೇನಿದೆ ಅಂತ ಹೇಳೋ ಬರಹ) ಇದ್ಯಾ ಅಂತ ಅದು ನೋಡತ್ತೆ, ಅದರಲ್ಲಿ "ಚಿತ್ರ1" ಅಂತ ಬರೆದಿದ್ರೂ ಪಾಸ್ ಮಾಡತ್ತೆ. ಅದಕ್ಕೇ ನಿಮ್ಮ ಫಾರ್ಮಲ್ಲಿ ಎರಡೇ ತಪ್ಪು ಬಂದಿರೋದು. ಇವತ್ತೇ ಒಂದು ಕೆಲಸ ಮಾಡಿ, ಮೌಸ್ ಕಿತ್ತು ಡ್ರಾಯರಲ್ಲಿಟ್ಟು ಟ್ಯಾಬ್, ಎಂಟರ್, ಸ್ಪೇಸ್, ಬಾಣದ ಕೀಗಳಿಷ್ಟರಲ್ಲೇ ಮೊದಲಿಂದ ಕೊನೇವರೆಗೂ ಅರ್ಜಿ ಹಾಕಿ ನೋಡಿ. ಫೋಕಸ್ ಎಲ್ಲಿದೆ ಅಂತಾನೇ ಕಾಣ್ತಿಲ್ಲ ಅಂದ್ರೆ ಪೇಜಿನ ರೂಪ ಹೇಳೋ ಸಿಎಸ್‌ಎಸ್ ಕೋಡಲ್ಲಿ ಯಾರೋ ಚೆಂದ ಕಾಣ್ಲಿ ಅಂತ ಫೋಕಸ್ ತೋರಿಸೋ ಔಟ್‌ಲೈನ್ ತೆಗೆದಿರ್ತಾರೆ. ಬಟನ್ ಒತ್ತೋಕೇ ಆಗ್ತಿಲ್ಲ ಅಂದ್ರೆ ಅದು ಬಟನ್ ಅಲ್ಲ, ಬಟನ್ ವೇಷ ಹಾಕಿರೋ ಡಿವ್, ಅಂದ್ರೆ ಬರೀ ಡಬ್ಬಿಯಂಥ ಟ್ಯಾಗ್. ಅದಕ್ಕೆ ಏರಿಯಾ (ARIA, ಇದು ಬಟನ್ ಅಂತ ಸ್ಕ್ರೀನ್ ರೀಡರ್‌ಗೆ ಹೇಳೋ ಕೋಡು) ಸೇರಿಸಿ ತೇಪೆ ಹಚ್ಚೋ ಬದಲು ಎಚ್‌ಟಿಎಂಎಲ್‌ನ ನಿಜವಾದ ಬಟನ್ ಟ್ಯಾಗ್ ಹಾಕಿ.

900 ಪೇಜ್ ಅಂತ ಹೆದರ್ಬೇಡಿ, ಒಳಗೆ ಟೆಂಪ್ಲೇಟ್ (ಪೇಜ್‌ಗಳ ಅಚ್ಚು) ಎಣಿಸಿದ್ರೆ ಆರೋ ಏಳೋ ಇರತ್ತೆ. ಅಲ್ಲಿ ಸರಿ ಮಾಡಿದ್ರೆ ಎಲ್ಲಾ ಕಡೆ ಸರಿಯಾಗತ್ತೆ. ಬಣ್ಣದ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರೋ ವ್ಯತ್ಯಾಸ) ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಬೇಕು. ವೆಬ್‌ಏಮ್ ಅನ್ನೋ ಅಮೆರಿಕದ ಸಂಸ್ಥೆಯೋರು 2019ರಿಂದ ಪ್ರತಿ ವರ್ಷ 10 ಲಕ್ಷ ಹೋಂಪೇಜ್ ಪರೀಕ್ಷೆ ಮಾಡ್ತಾರೆ, ಪ್ರತಿ ಸಲವೂ ಅತಿ ಹೆಚ್ಚು ಸಿಗೋ ತಪ್ಪು ಈ ಮಸುಕು ಅಕ್ಷರದ್ದೇ. ಬ್ರೌಸರಲ್ಲಿ 400 ಪರ್ಸೆಂಟ್ ಜೂಮ್ ಮಾಡಿಯೂ ನೋಡಿ, ಅಡ್ಡಡ್ಡ ಸ್ಕ್ರಾಲ್ ಮಾಡ್ದೆ ಓದೋಕಾಗ್ಬೇಕು.

ಮೇಲಿನವರಿಗೆ ತೋರಿಸೋಕೆ ಒಂದು ವಿಷಯ: ಯಾವ ಸೈಟನ್ನಾದ್ರೂ ಆಟೊಮ್ಯಾಟಿಕ್ಕಾಗಿ ಡಬ್ಲ್ಯೂಸಿಎಜಿಗೆ ತಕ್ಕಂತೆ ಮಾಡ್ಕೊಡ್ತೀವಿ ಅಂತ ಜಾಹೀರಾತು ಕೊಟ್ಟಿದ್ದ ವಿಜೆಟ್ ಕಂಪನಿಯೊಂದು 10 ಲಕ್ಷ ಡಾಲರ್ ಕಟ್ಬೇಕು ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶ ಮಾಡಿತ್ತು. ಬಜೆಟ್ ವಿಷಯ ಮಾತಾಡುವಾಗ ಇದನ್ನ ಮುಂದಿಡಿ.

ನಿಧಾನ:
ಒಂದು ಮಾತು ಸೇರಿಸ್ತೀನಿ, ಎಲ್ರೂ ಸ್ಕ್ರೀನ್ ರೀಡರ್ ಅಂತಾನೇ ಯೋಚಿಸ್ತಾರೆ. ನಂಗೆ ಕಣ್ಣು ಚೆನ್ನಾಗಿದೆ, ಕೈ ನಡುಗತ್ತೆ. ಸಣ್ಣ ಸಣ್ಣ ಚೆಕ್‌ಬಾಕ್ಸ್ ಒತ್ತೊತ್ತಾಗಿದ್ರೆ ಒಂದು ಒತ್ತೋಕೆ ಹೋಗಿ ಇನ್ನೊಂದು ಒತ್ತಿರ್ತೀನಿ. ಆರ್ಡರಲ್ಲಿ 2.1 ಅಂತಿದ್ರೂ ನೀವು 2023ರಲ್ಲಿ ಬಂದ 2.2 ನೋಡ್ಕೊಂಡೇ ಮಾಡಿ, ಅದಕ್ಕೆ ಸರಿಯಾಗಿದ್ರೆ 2.1ಕ್ಕೂ ಸರಿಯಾಗಿರತ್ತೆ. ಒತ್ತೋ ಜಾಗ ಕನಿಷ್ಠ 24 ಪಿಕ್ಸೆಲ್ ಉದ್ದ 24 ಅಗಲ ಇರ್ಬೇಕು ಅನ್ನೋದು ಅದರಲ್ಲಿದೆ, ಇಲ್ಲಾಂದ್ರೆ ಸುತ್ತ ಸಾಕಷ್ಟು ಜಾಗ ಬಿಟ್ಟಿರ್ಬೇಕು. ಪಾಸ್‌ವರ್ಡ್ ಪೇಸ್ಟ್ ಮಾಡೋದನ್ನ ತಡೀಬೇಡಿ. ಸೆಷನ್ ಮುಗಿಯೋ ಮುಂಚೆ ಎಚ್ಚರಿಸಿ, "ಇನ್ನೂ ಟೈಮ್ ಬೇಕು" ಅಂತ ಒಂದೇ ಒತ್ತಲ್ಲಿ ಹೇಳೋಕೆ ಕನಿಷ್ಠ 20 ಸೆಕೆಂಡ್ ಕೊಡಿ. ನಂಗೆ 20 ಕೂಡ ಕಮ್ಮಿ, ಎರಡು ನಿಮಿಷ ಕೊಟ್ರೆ ನಿಮಗೇನೂ ಹೋಗಲ್ಲ.

ತಂಗಿಯಅಕ್ಕ:
ನನ್ನ ತಂಗಿಗೆ ಕಿವಿ ಕೇಳಲ್ಲ, ಅವಳ ಮೊದಲ ಭಾಷೆ ಸನ್ನೆ ಭಾಷೆ. ವಿಡಿಯೊಗಳಿಗೆ ಕ್ಯಾಪ್ಷನ್ ಹಾಕಿ, ಯೂಟ್ಯೂಬ್ ತಾನಾಗೇ ಹಾಕಿದ್ದನ್ನ ಒಮ್ಮೆ ಓದಿ ತಿದ್ದಿ. ಸಹಾಯಕ್ಕೆ ಫೋನ್ ನಂಬರ್ ಒಂದೇ ಕೊಟ್ಟಿದ್ರೆ ಅವಳಿಗೆ ಸಹಾಯ ಇಲ್ಲ ಅಂತಾನೇ ಅರ್ಥ, ಈಮೇಲೋ ಚಾಟೋ ಇರ್ಲಿ. ಮತ್ತೆ "ತತ್ಸಂಬಂಧ ಸಲ್ಲಿಸತಕ್ಕದ್ದು" ಥರದ ವಾಕ್ಯ ಬಿಟ್ಟು "ಈ ಕಾಗದ ಕೊಡಿ" ಅಂತ ಬರೀರಿ.

ಮೂರನೇಸಾಲು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೌಸ್ ಇಲ್ದೆ ಫಾರ್ಮ್ ತುಂಬೋಕೆ ಕೂತೆ, ಹುಟ್ಟಿದ ದಿನಾಂಕದ ಹತ್ರಾನೇ ನಿಂತುಹೋಯ್ತು. ಕ್ಯಾಲೆಂಡರ್ ತೆರೆದುಕೊಳ್ಳತ್ತೆ, ಒಳಗೆ ಹೋಗೋಕಾಗಲ್ಲ, ಆಚೆ ಬರೋಕೂ ಆಗಲ್ಲ, ಟೈಪ್ ಮಾಡೋಕೂ ಬಿಡಲ್ಲ. ಅದನ್ನೇ ರೆಕಾರ್ಡ್ ಮಾಡಿ ಸಾಹೇಬ್ರಿಗೆ ತೋರಿಸ್ದೆ, ಜೊತೆಗೆ ವಿಜೆಟ್‌ನ ಟ್ರಯಲ್ ಹಾಕಿ ತೋರಿಸ್ದೆ, ಅಕ್ಷರ ದೊಡ್ಡದಾಯ್ತು ಕ್ಯಾಲೆಂಡರ್ ಹಾಗೇ ಇತ್ತು. ಸ್ವಲ್ಪ ಹೊತ್ತು ಸುಮ್ನಿದ್ದು ವಿಜೆಟ್ ಫೈಲ್ ಪಕ್ಕಕ್ಕಿಡಿ ಅಂದ್ರು. ಮೊದಲು ಫಾರ್ಮ್, ಆಮೇಲೆ ಟೆಂಪ್ಲೇಟು. ಸ್ಕ್ಯಾನ್ ಮಾಡಿರೋ ಪಿಡಿಎಫ್‌ಗಳದ್ದೇ ಚಿಂತೆ.

ಕೇಳಿಓದುವೆ:
ಸ್ಕ್ಯಾನ್ ಮಾಡಿದ್ದು ನಮಗೆ ಬರೀ ಖಾಲಿ ಹಾಳೆ. ಜನ ಜಾಸ್ತಿ ಡೌನ್‌ಲೋಡ್ ಮಾಡೋ ಇಪ್ಪತ್ತನ್ನ ಮೊದಲು ವೆಬ್ ಪೇಜಾಗಿ ಮಾಡಿ, ಹೊಸ ಆದೇಶಗಳನ್ನ ಇವತ್ತಿಂದ ಸ್ಕ್ಯಾನ್ ಮಾಡಿ ಹಾಕೋದು ನಿಲ್ಲಿಸಿ. ಫಾರ್ಮ್ ರೆಡಿಯಾದ್ಮೇಲೆ ನಮ್ಮಂಥ ನಾಲ್ಕೈದು ಜನರನ್ನ ಕೂರಿಸಿ ಪರೀಕ್ಷೆ ಮಾಡ್ಸಿ, ಆ ಕೆಲಸಕ್ಕೆ ದುಡ್ಡು ಕೊಡಿಸಿ. ಕ್ಯಾಲೆಂಡರ್ ಸರಿಹೋದ್ರೆ ಇಲ್ಲೇ ಹೇಳಿ, ಲಿಂಕ್ ಕಳಿಸಿದ್ರೆ ನಾನೂ ಕೂತು ಒಂದು ಸಲ ಪೂರ್ತಿ ತುಂಬಿ ನೋಡ್ತೀನಿ.