ಮಂಗಳೂರಿನ ರಸ್ತೆ, ಸರ್ಕಲ್‌ಗಳ ಹೆಸರಿನ ಹಿಂದಿರುವವರು: ಶಾಲಾ ನಡಿಗೆಗೆ ಯಾರ್ಯಾರು, ಯಾವ ಕ್ರಮ?

ಹೈಸ್ಕೂಲು_ಮೇಷ್ಟ್ರು:
9ನೇ ತರಗತಿಯ 40 ಮಕ್ಕಳನ್ನು ಮಂಗಳೂರು ಪೇಟೆಯಲ್ಲಿ ಅರ್ಧ ದಿನ ನಡೆಸಿಕೊಂಡು ಹೋಗಿ ಊರಿನ ಹಿರಿಯರ ಪರಿಚಯ ಮಾಡಿಸಬೇಕಾಗಿದೆ. ಪಟ್ಟಿಯಲ್ಲಿ ಮೋಗ್ಲಿಂಗ್, ಕಿಟೆಲ್, ಅಮ್ಮೆಂಬಳ ಸುಬ್ಬರಾವ್ ಪೈ, ಕುದ್ಮುಲ್ ರಂಗರಾವ್, ಕಾರ್ನಾಡ್ ಸದಾಶಿವರಾವ್, ಫಾದರ್ ಮುಲ್ಲರ್, ಶ್ರೀನಿವಾಸ ಮಲ್ಯ ಇದ್ದಾರೆ. ಎಲ್ಲರೂ ಹಿಡಿಸುತ್ತಾರೆಯೇ? ಫಲಕ ಬರೆಸುವುದಕ್ಕೆ ಇಸವಿಗಳೂ ಬೇಕು.

ಬಲ್ಮಠ_ಏರು:
ಎಲ್ಲರೂ ಹಿಡಿಸುವುದಿಲ್ಲ ಮೇಷ್ಟ್ರೇ. ಮುಲ್ಲರ್ ಅಂದರೆ ಕಂಕನಾಡಿಯ ಆಸ್ಪತ್ರೆ, ಬಾಸೆಲ್ ಮಿಷನ್ನಿನ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ) ಹೆಂಚಿನ ಕಾರ್ಖಾನೆ ಅಂದರೆ ಜೆಪ್ಪು, ಎರಡೂ ದೂರ. ಎರಡನ್ನೂ ತರಗತಿಯಲ್ಲೇ ಹೇಳಿ ಮುಗಿಸಿ. ನಡಿಗೆಯನ್ನು ಬಲ್ಮಠದಿಂದ ಶುರು ಮಾಡಿ ಇಳಿಯುತ್ತಾ ಬನ್ನಿ. ಹಂಪನಕಟ್ಟೆಯಿಂದ ಶುರು ಮಾಡಿದರೆ ಬಾವುಟಗುಡ್ಡೆಯ ಏರಿಗೆ ಬರುವಾಗ ಬಿಸಿಲೂ ಏರಿರುತ್ತದೆ, ಮಕ್ಕಳ ಗಮನ ನೀರಿನ ಬಾಟಲಿಯ ಮೇಲಿರುತ್ತದೆ.

ಬಲ್ಮಠದಲ್ಲಿ ಬಾಸೆಲ್ ಮಿಷನ್ ಮತ್ತು ಮೋಗ್ಲಿಂಗ್. ಬಾವುಟಗುಡ್ಡೆಯಲ್ಲಿ ಬ್ರಿಟಿಷರ ವಿರುದ್ಧದ 1837ರ ಬಂಡಾಯ. ಪಕ್ಕದಲ್ಲೇ ಅಲೋಶಿಯಸ್ ಕಾಲೇಜಿನ ಚಾಪೆಲ್. ನಿಮ್ಮ ಪಟ್ಟಿಯಲ್ಲಿ ಇಲ್ಲದ ಆಂಟೋನಿಯೊ ಮೊಸ್ಕೇನಿಯನ್ನು ಇಲ್ಲಿ ಸೇರಿಸಿಕೊಳ್ಳಿ. ಇಟಲಿಯ ಈ ಜೆಸ್ವಿಟ್ (ಕ್ಯಾಥೊಲಿಕ್ ಧಾರ್ಮಿಕ ಸಂಘದವರು) 1899ರಿಂದ 1901ರೊಳಗೆ ಒಳಗಿನ ಗೋಡೆ, ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದರು. ಒಂದಷ್ಟು ಹಸಿ ಗಾರೆಯ ಮೇಲೆ, ಒಂದಷ್ಟು ಕ್ಯಾನ್ವಾಸಿನ ಮೇಲೆ. ಗಾರೆ ಒಣಗುವ ಮೊದಲೇ ಬಣ್ಣ ಹಾಕಬೇಕು, ಆಮೇಲೆ ತಿದ್ದಲಿಕ್ಕಾಗದು. ಇದನ್ನು ಹೇಳಿದರೆ ಮಕ್ಕಳು ತಲೆ ಎತ್ತಿ ನೋಡುತ್ತಾರೆ. 40 ಮಂದಿ ಅಂತ ಮೊದಲೇ ತಿಳಿಸಿ ಅನುಮತಿ ಪಡೆಯಿರಿ.

ಅಲ್ಲಿಂದ ಹಂಪನಕಟ್ಟೆಗೆ ಇಳಿದರೆ ಕೆ.ಎಸ್. ರಾವ್ (ಕಾರ್ನಾಡ್ ಸದಾಶಿವರಾವ್) ರಸ್ತೆ, ಮುಂದೆ ಪುರಭವನ, ಕೊನೆಗೆ ಎ.ಬಿ. ಶೆಟ್ಟಿ ಸರ್ಕಲ್.

ಇಸವಿ_ಪರೀಕ್ಷಕ:
ಫಲಕದಲ್ಲಿ ತಪ್ಪುಗಳು ನುಸುಳುವುದು ಇಲ್ಲಿ:

ಮೋಗ್ಲಿಂಗ್ ಮತ್ತು ಕಿಟೆಲ್‌ರನ್ನು ಕಲಸಬೇಡಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಮೋಗ್ಲಿಂಗ್‌ರದು, ಮೊದಲ ಸಂಚಿಕೆ 1 ಜುಲೈ 1843. ಕಲ್ಲಚ್ಚಿನ ಪಾಕ್ಷಿಕ, ಮರುವರ್ಷವೇ ಬಳ್ಳಾರಿಗೆ ಹೋಯಿತು. ಕಿಟೆಲ್ ಇಂಡಿಯಾಕ್ಕೆ ಬಂದದ್ದೇ 1853ರಲ್ಲಿ, ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ.

ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲು, 1906ರಲ್ಲಿ ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಸ್ಥಾಪಿಸಿದರು. ಫಂಡ್ ‘ಕೆನರಾ ಬ್ಯಾಂಕ್’ ಆದದ್ದು 1910ರಲ್ಲಿ, ಪೈಗಳು ತೀರಿಕೊಂಡದ್ದು 1909ರಲ್ಲಿ. ಆ ಹೆಸರನ್ನು ಅವರು ಕಾಣಲೇ ಇಲ್ಲ. ಅದೇ 1906ರ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ್ದು ಉಡುಪಿಯಲ್ಲಿ, ಹಾಜಿ ಅಬ್ದುಲ್ಲಾ ಸಾಹೇಬರಿಂದ. ವಿಜಯಾ ಬ್ಯಾಂಕ್ (1931) ಸ್ಥಾಪಕರು ಎ.ಬಿ. ಶೆಟ್ಟಿ, ಅದನ್ನು ಬೆಳೆಸಿದವರು ಮೂಲ್ಕಿ ಸುಂದರರಾಮ ಶೆಟ್ಟಿ. ಇದನ್ನು ತಿರುವುಮುರುವು ಮಾಡುವವರೇ ಹೆಚ್ಚು.

ಶೇಡಿಗುಡ್ಡೆ:
ಇಬ್ಬರು ರಾವ್‌ಗಳ ಬಗ್ಗೆಯೂ ಜಾಗ್ರತೆ. ಇಬ್ಬರೂ ಸಾರಸ್ವತರು, ಇಬ್ಬರೂ ವಕೀಲರು, ಮಕ್ಕಳಿಗೆ ಗೊಂದಲ ಆಗಿಯೇ ಆಗುತ್ತದೆ.

ರಂಗರಾಯರು (1859–1928) ದಲಿತ ಮಕ್ಕಳಿಗೆ ಶಾಲೆ ತೆರೆದು ಸ್ವಜಾತಿಯವರ ಬಹಿಷ್ಕಾರ ಎದುರಿಸಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಬರೀ ಅಕ್ಷರವಲ್ಲ, ಕೈಕಸುಬು, ಮನೆಗೆ ಜಾಗ ಎಲ್ಲವೂ ಅದರಲ್ಲಿತ್ತು. ಪುರಭವನಕ್ಕೆ ಅವರ ಹೆಸರಿದೆ, ಆದರೆ ಜನರ ಬಾಯಲ್ಲಿ ಇವತ್ತಿಗೂ ಬರೀ ‘ಟೌನ್‌ಹಾಲ್’. ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಕುಮಾರಮಂಗಲಂ ಇವರ ಮಗಳು ರಾಧಾಬಾಯಿಯ ಮಗ.

ಸದಾಶಿವರಾಯರು (1881–1937) ಸ್ವಾತಂತ್ರ್ಯ ಹೋರಾಟಕ್ಕೆ ಆಸ್ತಿಯನ್ನೆಲ್ಲ ಕರಗಿಸಿದವರು. ಬೆಂಗಳೂರಿನ ಸದಾಶಿವನಗರ ಇವರ ಹೆಸರಿನದೇ. ‘ಕಾರ್ನಾಡ್’ ಅಂದ ಕೂಡಲೇ ಮಕ್ಕಳು ನಾಟಕಕಾರರನ್ನು ನೆನೆಯುತ್ತಾರೆ, ಫಲಕದಲ್ಲಿ ಪೂರ್ತಿ ಹೆಸರೇ ಹಾಕಿಸಿ. ಊರಿನವರಿಗೇ ‘ಕೆ.ಎಸ್.’ ಬಿಡಿಸಿ ಹೇಳಲು ಬರುವುದಿಲ್ಲ.

ಹೈಸ್ಕೂಲು_ಮೇಷ್ಟ್ರು:
ಉಪಕಾರ. ಹಾಗಾದರೆ ಮಲ್ಯರನ್ನು ಎಲ್ಲಿ ಸೇರಿಸಲಿ?

ಇಸವಿ_ಪರೀಕ್ಷಕ:
ಪೇಟೆಯಲ್ಲಿ ಬೇಡ ಮಾರಾಯ್ರೆ. ಸಂಸದರಾಗಿದ್ದ ಅವರ ಕೆಲಸವೆಲ್ಲ ಊರ ಹೊರಗೆ: ಬಜಪೆ ವಿಮಾನ ನಿಲ್ದಾಣ (1951), ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಕೆ.ಆರ್.ಇ.ಸಿ. (1960, ಈಗಿನ ಎನ್.ಐ.ಟಿ.ಕೆ.), ಪಣಂಬೂರು ಬಂದರು. ಬಂದರನ್ನು ಅವರೇ ಉದ್ಘಾಟಿಸಿದರು ಅಂತ ಮಾತ್ರ ಬರೆಸಬೇಡಿ. ಅವರು 1965ರಲ್ಲೇ ತೀರಿಕೊಂಡರು, ಅದು ಪ್ರಮುಖ ಬಂದರು ಎಂದು ಘೋಷಣೆಯಾದದ್ದು 1974ರಲ್ಲಿ. ಬಸ್ಸು ಸಿಕ್ಕಿದರೆ ಇನ್ನೊಂದು ದಿನ ಸುರತ್ಕಲ್ ಕಡೆ ಹೋಗಿ.