ಕೋಳಿಗರಿಯ ಬಣ್ಣಗಳು: ‘ಸುಪ್ತ’, ‘ಪಟ್ಟೆ’, ‘ನೀಲಿ’ ಪದಗಳ ಬಗ್ಗೆ

ಬೇರೆ ಬೇರೆ ತಳಿಯ ಹುಂಜ ಮತ್ತು ಹೇಂಟೆಗಳನ್ನು ಕೂಡಿಸಿದಾಗ, ತಂದೆತಾಯಿಗಳಲ್ಲಿ ಎಲ್ಲಿಯೂ ಕಾಣದ ಬಣ್ಣ ಮರಿಗಳಲ್ಲಿ ಹೇಗೆ ಬರುತ್ತದೆ ಎಂಬುದನ್ನು ಹಿತ್ತಲಲ್ಲಿ ಕೋಳಿ ಸಾಕುವವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಿಷಯ ಕಠಿಣವಲ್ಲ, ಆದರೆ ಮೂರು ಕಡೆ, ಬಳಕೆಯಲ್ಲಿರುವ ಪದಗಳೇ ಓದುಗರನ್ನು ತಪ್ಪು ದಾರಿಗೆ ಎಳೆಯುತ್ತವೆ ಎಂದು ತೋರಿದ್ದರಿಂದ ಬಲ್ಲವರ ಅಭಿಪ್ರಾಯ ಕೇಳುತ್ತಿದ್ದೇನೆ.

ದೊಡ್ಡ ತೊಡಕು ಹೊರಗೆ ಕಾಣದ ಬಣ್ಣದ್ದು. ಹೊರಗೆ ಕಾಣುವ ಗುಣಕ್ಕೆ ಹೇಳುವ ‘ಪ್ರಬಲ’ಕ್ಕೆ ಎದುರಾಗಿ ‘ದುರ್ಬಲ’, ‘ಅಪ್ರಬಲ’, ‘ಸುಪ್ತ’ ಎಂಬ ಪದಗಳು ಬಳಕೆಯಲ್ಲಿವೆ. ‘ದುರ್ಬಲ’ ಎಂದು ಓದಿದವರು, ಆ ಗುಣ ತಲೆಮಾರು ಕಳೆದಂತೆ ಸೊರಗಿ ಇಲ್ಲವಾಗುತ್ತದೆ ಎಂದು ತಿಳಿದರೆ ಅವರನ್ನು ದೂರುವಂತಿಲ್ಲ. ಆದರೆ ಕೋಳಿಗಳ ಬಿಳುಪನ್ನೇ ನೋಡಿ. ಅದರಲ್ಲಿ ಎರಡು ಮುಖ್ಯ ಬಗೆಗಳಿವೆ. ಬಿಳಿ ಲೆಗ್‌ಹಾರ್ನ್ ತಳಿಯಲ್ಲಿರುವುದು ಪ್ರಬಲ ಬಿಳುಪು: ತಂದೆಯಿಂದೊಂದು, ತಾಯಿಯಿಂದೊಂದು ಬರುವ ವಂಶವಾಹಿಯ (ಜೀನ್) ಪ್ರತಿಗಳಲ್ಲಿ ಒಂದೇ ಇದ್ದರೂ ಅದು ಕಪ್ಪನ್ನು ಅಳಿಸುತ್ತದೆ, ಕೆಂಪನ್ನು ಅಷ್ಟಾಗಿ ಮುಟ್ಟುವುದಿಲ್ಲ. ಇನ್ನೊಂದು ಬಗೆಯ ಬಿಳುಪು ಎರಡು ಪ್ರತಿಗಳು ಕೂಡಿದಾಗ ಮಾತ್ರ ಕಾಣಿಸಿಕೊಳ್ಳುತ್ತದೆ. ಕಾಣಿಸಿಕೊಂಡಾಗ ಮಾತ್ರ ಕಪ್ಪು, ಕೆಂಪು ಎರಡನ್ನೂ ಗರಿಗೆ ಇಳಿಯಗೊಡುವುದಿಲ್ಲ. ಹೆಸರಿಗೆ ‘ದುರ್ಬಲ’ವಾದದ್ದು ‘ಪ್ರಬಲ’ವಾದದ್ದಕ್ಕಿಂತ ಹೆಚ್ಚು ಪೂರ್ಣವಾಗಿ ಬಿಳಿದು ಮಾಡುತ್ತದೆ. ಬಿಳಿ ಲೆಗ್‌ಹಾರ್ನನ್ನು ಈ ಎರಡನೆಯ ಬಗೆಯ ಬಿಳಿ ವಯಾಂಡಾಟ್‌ನೊಡನೆ ಕೂಡಿಸಿದರೆ, ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆಯನ್ನು ಬಿಟ್ಟರೆ, ಮರಿಗಳೆಲ್ಲ ಬಿಳಿಯವೇ. ಆ ಮರಿಗಳು ಬೆಳೆದು ತಮ್ಮೊಳಗೇ ಕೂಡಿದಾಗ ಸರಾಸರಿ 16ರಲ್ಲಿ 13 ಬಿಳಿಯವಾಗಿ, 3 ಬಣ್ಣದವಾಗಿ ಹುಟ್ಟುತ್ತವೆ. ಎರಡು ತಲೆಮಾರು ಬಿಳಿಯ ನಂತರ ಬಣ್ಣದ ಮರಿಯನ್ನು ಕಂಡವರು ಮೊದಲು ಅನುಮಾನಿಸುವುದು ಪಕ್ಕದ ಮನೆಯ ಹುಂಜವನ್ನು.

‘ಸುಪ್ತ’ ಎಂಬುದು ‘ದುರ್ಬಲ’ಕ್ಕಿಂತ ಮೇಲು, ಆದರೆ ಅದರ ಕಷ್ಟ ಬೇರೆ. ಹೊರಗೆ ಕಾಣದ ಗುಣವೆಲ್ಲ ಸುಪ್ತವೆಂದು ಓದುಗರು ಭಾವಿಸುತ್ತಾರೆ. ಎರಡನೆಯ ಬಗೆಯ ಬಿಳಿ ಹೇಂಟೆಯೊಂದು ಪಟ್ಟೆಯ ವಂಶವಾಹಿಯನ್ನು ಹೊತ್ತಿರಬಹುದು. ಬಿಳಿಯ ಮೇಲೆ ಬಿಳಿ ಪಟ್ಟೆ ಕಾಣುವುದಿಲ್ಲವಷ್ಟೆ. ಅದನ್ನು ಅಪ್ಪಟ ಕಪ್ಪು ಹುಂಜದೊಡನೆ ಕೂಡಿಸಿದರೆ ಗಂಡುಮರಿಗಳೆಲ್ಲ ಪಟ್ಟೆಯವಾಗುತ್ತವೆ, ಹೆಣ್ಣುಮರಿಗಳೆಲ್ಲ ಕಪ್ಪಾಗುತ್ತವೆ. ಏಕೆಂದರೆ ಪಟ್ಟೆಯ ವಂಶವಾಹಿ ಇರುವುದು ಮರಿ ಗಂಡೋ ಹೆಣ್ಣೋ ಎಂಬುದಕ್ಕೆ ಸಂಬಂಧಿಸಿದ ಝಡ್ ವರ್ಣತಂತುವಿನಲ್ಲಿ (ಕ್ರೋಮೋಸೋಮ್), ಮತ್ತು ಹೇಂಟೆ ತನ್ನ ಒಂದೇ ಒಂದು ಝಡ್ ಅನ್ನು ಗಂಡುಮರಿಗಷ್ಟೇ ಕೊಡುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ತಾಯಿಯಲ್ಲಿ ಕಾಣದಿದ್ದ ಈ ಪಟ್ಟೆ ಪ್ರಬಲ ಗುಣ. ಅದು ತನ್ನದೇ ವಂಶವಾಹಿಯ ಜೋಡಿ ಪ್ರತಿಗೆ ಸೋತು ಅಡಗಿದ್ದಲ್ಲ, ಬೇರೊಂದು ವಂಶವಾಹಿಯ ಜೋಡಿ ಅದನ್ನು ಮುಚ್ಚಿತ್ತು. ಈ ಎರಡು ಅಡಗುವಿಕೆಗಳಿಗೆ ಎರಡು ಪದ ಬೇಕೇ ಬೇಕು. ತನ್ನ ಜೋಡಿ ಪ್ರತಿಯ ಪ್ರಾಬಲ್ಯದಿಂದ ಕಾಣದಿರುವುದನ್ನು ‘ಹುದುಗಿದ ಗುಣ’ ಎಂದೂ, ಬೇರೆ ಗುಣದ ಅಡಿಯಲ್ಲಿ ಕಾಣದಾದುದನ್ನು ‘ಮರೆಯಾದ ಗುಣ’ ಎಂದೂ ಸದ್ಯಕ್ಕೆ ಬರೆದುಕೊಂಡಿದ್ದೇನೆ. ಹುದುಗುವುದು ಒಳಗೆ ಸೇರಿಕೊಳ್ಳುವುದು, ಮರೆಯಾಗುವುದು ಇನ್ನೊಂದರ ಹಿಂದೆ ನಿಲ್ಲುವುದು. ವ್ಯತ್ಯಾಸ ಸೂಕ್ಷ್ಮವಾದರೂ ಕನ್ನಡದ ಕಿವಿಗೆ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ. ‘ಮರೆ’ ಎಂಬಲ್ಲಿ ಮರೆತುಹೋಗುವುದರ ನೆರಳು ಬೀಳುತ್ತದೆಯೇ ಎಂಬುದೊಂದೇ ಅಳುಕು.

ಎರಡನೆಯದು ವಿನ್ಯಾಸದ ಪದಗಳದ್ದು. ‘ಪಟ್ಟೆಕೋಳಿ’, ‘ಚುಕ್ಕೆಕೋಳಿ’ ಎಂದರೆ ಪಟ್ಟೆ ಕೋಳಿಯ ಮೈಮೇಲೋ ಒಂದೊಂದು ಗರಿಯ ಮೇಲೋ ಎಂಬುದು ಗೊತ್ತಾಗುವುದಿಲ್ಲ. ಸಾಕುವವರಿಗೆ ಬೇಕಾದದ್ದು ಗರಿಯ ಮಾತು. ಗರಿ ಬೆಳೆಯುವಾಗ ಬಣ್ಣ ತುಂಬುವ ಕೆಲಸ ನಿಂತು ನಿಂತು ನಡೆಯುವುದರಿಂದ ಅಡ್ಡಡ್ಡ ಬಿಳಿಗೆರೆಗಳು ಮೂಡುತ್ತವೆ. ಇದನ್ನು ‘ಅಡ್ಡಪಟ್ಟೆ’ ಎನ್ನಬಹುದು. ಎರಡು ಪ್ರತಿಗಳಿರುವ ಹುಂಜದಲ್ಲಿ ಬಿಳಿಗೆರೆ ಅಗಲವಾಗಿ, ಹಕ್ಕಿ ಹೇಂಟೆಗಿಂತ ತಿಳಿಯಾಗಿ ಕಾಣುತ್ತದೆ. ಗರಿಯ ಸುತ್ತ ಮಾತ್ರ ಬೇರೆ ಬಣ್ಣವಿದ್ದರೆ ‘ಅಂಚುಗರಿ’, ತುದಿಯಷ್ಟೇ ಬೆಳ್ಳಗಿದ್ದರೆ ‘ತುದಿಬಿಳುಪು’. ಇವುಗಳಲ್ಲಿ ಅಂಚು ಹಲವು ವಂಶವಾಹಿಗಳು ಕೂಡಿ ಮಾಡುವ ಕೆಲಸವಾದ್ದರಿಂದ, ಅಂಚುಗರಿಯ ತಳಿಯನ್ನು ಬೇರೊಂದರೊಡನೆ ಕೂಡಿಸಿದಾಗ ಮೊದಲು ಕೆಡುವುದು ಅದೇ; ಮರಿಗಳಲ್ಲಿ ಅಂಚು ಹರಿದು, ಕದಡಿ, ಹೆಸರಿಡಲಾಗದ ಏನೋ ಆಗಿ ಉಳಿಯುತ್ತದೆ. ಆ ಸ್ಥಿತಿಗೆ ‘ಕದಡುಗರಿ’ ಎಂದರೆ ಅತಿಯಾಯಿತೇ?

ಮೂರನೆಯದು ‘ನೀಲಿ’. ಕೋಳಿ ಸಾಕುವವರು ಇಂಗ್ಲಿಷಿನಿಂದ ತಂದು ನೀಲಿ ಎನ್ನುವ ಬಣ್ಣ ನಿಜಕ್ಕೂ ಬೂದು. ಕಪ್ಪನ್ನು ತೆಳುಮಾಡುವ ವಂಶವಾಹಿಯ ಒಂದು ಪ್ರತಿ ಇದ್ದರೆ ಕಪ್ಪು ಕೋಳಿ ಈ ‘ನೀಲಿ’ಯಾಗುತ್ತದೆ, ಎರಡು ಪ್ರತಿಗಳಿದ್ದರೆ ಕೊಳೆಬಿಳುಪಿನ ಮೇಲೆ ಬೂದು ಸಿಡಿದಂತಿರುವ, ಸ್ಪ್ಲ್ಯಾಶ್ ಎಂದು ಕರೆಯುವ ಬಣ್ಣ ಬರುತ್ತದೆ. ಹಾಗಾಗಿ ‘ನೀಲಿ’ ಜೋಡಿಯ ಮರಿಗಳಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಕಪ್ಪು, ಎರಡು ‘ನೀಲಿ’, ಒಂದು ಸಿಡಿಬಣ್ಣ. ಸಿಡಿಬಣ್ಣದ ಕೋಳಿಯನ್ನು ಕಪ್ಪಿನೊಡನೆ ಕೂಡಿಸಿದರೆ ಎಲ್ಲವೂ ‘ನೀಲಿ’. ಹಾಗಾದರೆ ನೇರವಾಗಿ ‘ಬೂದು’ ಎಂದೇ ಬರೆದರೇನು ಎಂದು ಕೇಳಬಹುದು. ಲ್ಯಾವೆಂಡರ್ ಎಂಬ ಇನ್ನೊಂದು ಬೂದು ಇದೆ. ಅದು ಹುದುಗುವ ಗುಣ. ಲ್ಯಾವೆಂಡರ್ ಜೋಡಿಗೆ ಹುಟ್ಟುವುದೆಲ್ಲ ಲ್ಯಾವೆಂಡರ್, ಅಪ್ಪಟ ಕಪ್ಪಿನೊಡನೆ ಕೂಡಿಸಿದರೆ ಮರಿಗಳೆಲ್ಲ ಕಪ್ಪು. ಎರಡಕ್ಕೂ ‘ಬೂದು’ ಎಂದರೆ ಮರಿಗಳ ಲೆಕ್ಕವೇ ತಲೆಕೆಳಗಾಗುತ್ತದೆ.

‘ನೀಲ’ಕ್ಕೆ ಹಳೆಯ ಬಳಕೆಯಲ್ಲಿ ಕಪ್ಪು ಎಂಬ ಅರ್ಥವೂ ಇದೆ ಎಂಬ ಸಮರ್ಥನೆ ನನಗೆ ಗೊತ್ತು, ಆದರೆ ಇಂದಿನ ಓದುಗರ ಕಣ್ಣೆದುರು ಬರುವುದು ಆಕಾಶವೇ. ಆದ್ದರಿಂದ ಮೊದಲನೆಯದಕ್ಕೆ ‘ಮಾಸುಗಪ್ಪು’, ಲ್ಯಾವೆಂಡರಿಗೆ ‘ತಿಳಿಬೂದು’ ಎಂದು ಯೋಚಿಸಿದ್ದೇನೆ. ಮಾಸುಗಪ್ಪು ಎಂಬಲ್ಲಿ ಕಪ್ಪೇ ತೆಳುವಾಗಿ ಈ ಬಣ್ಣವಾಯಿತೆಂಬುದು ಪದದೊಳಗೇ ಇದೆ. ಆದರೆ ದನ ಸಾಕುವವರಿಗೆ ‘ಮಾಸು’ ಎಂದರೆ ಕರು ಹಾಕಿದ ಮೇಲೆ ಬೀಳುವ ಸತ್ತೆ, ಮತ್ತು ಕೋಳಿ ಸಾಕುವವರಲ್ಲಿ ದನ ಸಾಕುವವರೂ ಅನೇಕರು. ಸಮಾಸದಲ್ಲಿ ಆ ಅರ್ಥ ಅಡ್ಡಬರುವುದಿಲ್ಲವೆಂದು ನಿಮಗೆ ತೋರಿದರೆ ಪದವನ್ನು ಉಳಿಸಿಕೊಳ್ಳುತ್ತೇನೆ. ಅಡ್ಡಬರುತ್ತದೆಂದಾದರೆ, ಬೂದು, ನೀಲಿ ಎರಡನ್ನೂ ಬಿಟ್ಟು, ತೆಳುವಾದ ಕಪ್ಪನ್ನೇ ಹೇಳುವ ಬೇರೆ ಪದ ನಿಮ್ಮ ಕಡೆಯ ಮಾತಿನಲ್ಲಿದ್ದರೆ ದಯವಿಟ್ಟು ತಿಳಿಸಬೇಕು.